ಕಿಣ್ವ ತಡೆಯುವ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ಅತ್ತೆಗೆ 74 ವರ್ಷ. ಅಲ್‌ಝೈಮರ್ ಎಂದು ಡೊನೆಪೆಜಿಲ್ ಮಾತ್ರೆ ಕೊಟ್ಟಿದ್ದಾರೆ. ಅದು ಮೆದುಳಿನ ಒಂದು ಕಿಣ್ವವನ್ನು ತಡೆಯುತ್ತದಂತೆ. ಇರುವುದನ್ನು ಯಾಕೆ ತಡೆಯಬೇಕು ಡಾಕ್ಟ್ರೇ? ಕಾಯಿಲೆ ವಾಸಿಯಾಗುತ್ತಾ?
– ಗೃಹಿಣಿ, ತಿಪಟೂರು

ಉತ್ತರ: ಇಲ್ಲಿ ಎರಡು ಕಿಣ್ವಗಳ ಕಥೆ ಇದೆ ತಾಯಿ. ನೆನಪಿಗೆ, ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಂದು ತಯಾರಿಸುತ್ತದೆ, ಇನ್ನೊಂದು ಒಡೆಯುತ್ತದೆ. 1976ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಸಂಶೋಧಕರಾದ ಡೇವಿಸ್ ಮತ್ತು ಮೆಲೋನಿ, ಅಲ್‌ಝೈಮರ್‌ನಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದರು. ತಯಾರಿಸುವ ಕಿಣ್ವವಾದ ಕೋಲಿನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ತೀರಾ ಕುಸಿದಿತ್ತು. ನೆನಪಿನ ಕೆಲಸದ ಹಿಪೊಕ್ಯಾಂಪಸ್‌ನಲ್ಲೂ ಅದೇ ಸ್ಥಿತಿ. ಆ ಕಿಣ್ವ ಇರುವ ನರಕೋಶಗಳೇ ಸಾಯುತ್ತಿದ್ದವು, ಅಲ್ವಾ! ಅದನ್ನು ಮತ್ತೆ ಹೆಚ್ಚಿಸುವ ಮಾತ್ರೆ ನಮ್ಮಲ್ಲಿಲ್ಲ. ಅದಕ್ಕೇ ಒಡೆಯುವ ಕಿಣ್ವಕ್ಕೆ ಅಡ್ಡಗಾಲು. ನಲ್ಲಿ ಸಣ್ಣಗೆ ಬರುವಾಗ ತೊಟ್ಟಿಯ ತೂತಿಗೆ ಬಟ್ಟೆ ತುರುಕಿದಂತೆ.

ವಾಸಿಯಾಗುವುದಿಲ್ಲ. ಕೋಶಗಳು ಸಾಯುವುದನ್ನು ಇದು ನಿಲ್ಲಿಸದು. ಕೆಲವರಿಗೆ ಕೆಲವು ಕಾಲ ಸ್ವಲ್ಪ ಅನುಕೂಲ, ಅಷ್ಟೇ. 'ಪೂರ್ತಿ ಗುಣ' ಎನ್ನುವ ಜಾಹೀರಾತು ಕಂಡರೆ ಸುಮ್ನೆ ಪುಟ ತಿರುಗಿಸಿ. ವಾಕರಿಕೆ, ಭೇದಿ, ಕೆಟ್ಟ ಕನಸು ಬರಬಹುದು. ಕನಸಿನ ಕಾಟವಿದ್ದರೆ ರಾತ್ರಿಯ ಬದಲು ಬೆಳಿಗ್ಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ತಲೆ ಸುತ್ತಿ ಬಿದ್ದರೆ ತಡ ಮಾಡಬೇಡಿ, ನಾಡಿ ನಿಧಾನವಾಗಿರಬಹುದು.