ಆ ಚಿಟ್ಟೆಗಳ ಕಥೆ ನಗಿಸಬಾರದೇ?

ಮೇಷ್ಟ್ರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಕಥೆ ನಿಮಗೆ ಬೇಸರ ತಂದಿದೆ. ‘ಲಿಯಾಂಗ್ ಶಾನ್‌ಬೊ ಮತ್ತು ಝೂ ಯಿಂಗ್‌ತಾಯ್ ಕಥೆ ಚೀನೀಯರಿಗೆ ಕಣ್ಣೀರಿನ ಕಥೆ. ಹುಡುಗ ಕೊರಗಿ ಸಾಯುತ್ತಾನೆ. ಹುಡುಗಿ ಅವನ ಸಮಾಧಿಯೊಳಗೆ ಹೋಗುತ್ತಾಳೆ. ಇಬ್ಬರೂ ಚಿಟ್ಟೆಗಳಾಗುತ್ತಾರೆ. ಅದನ್ನು ಇವತ್ತಿನ ಹಾಂಗ್‌ಝೌಗೆ ತಂದು, ಕೈಗೆ ಮೊಬೈಲ್ ಕೊಟ್ಟು, ಕೊನೆಗೆ ಇಬ್ಬರನ್ನೂ ಒಂದು ಮಾಡಿ ನಗೆಕಥೆ ಮಾಡಿದ್ದೀರಿ. ನಾಳೆ ಹರಿಶ್ಚಂದ್ರನಿಗೂ ಇದೇ ಗತಿಯೇ?’ ಎಂದು ಬರೆದಿದ್ದೀರಿ. ಪತ್ರದಲ್ಲಿರುವ ಕಾಳಜಿ ನನ್ನದೂ ಹೌದು. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರಿಸುತ್ತಿದ್ದೇನೆ.

ಕಥೆ ಓದದವರಿಗಾಗಿ ಎರಡು ಮಾತು. ನಮ್ಮ ಕಥೆಗಾರ್ತಿಯ ಯಿಂಗ್‌ತಾಯ್ ಆನ್‌ಲೈನ್ ಗೇಮ್‌ನಲ್ಲಿ ಹುಡುಗನ ಹೆಸರಿನಲ್ಲಿ ಆಡುತ್ತಾಳೆ. ಹುಡುಗಿ ಅಂತ ಗೊತ್ತಾದರೆ ಕಾಡಿಸುವವರೇ ಜಾಸ್ತಿ ಎಂಬುದು ಅವಳ ಅನುಭವ. ತಂಡದ ಶಾನ್‌ಬೊ ಅವಳನ್ನು ತಮ್ಮ ಅಂತಲೇ ನಂಬಿರುತ್ತಾನೆ. ಅವಳು ಸುಳಿವು ಕೊಡುತ್ತಾ ಹೋಗುತ್ತಾಳೆ. ಅವನಿಗೆ ಒಂದೂ ತಿಳಿಯುವುದಿಲ್ಲ.

ಈ ನಗು ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಮೇಷ್ಟ್ರೇ. ಹಳೆಯ ಕಥೆಯ ಮೊದಲರ್ಧ ಪೂರ್ತಿ ತಮಾಷೆಯೇ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ‘ಯುಯೆ’ ಎಂಬ ಸಂಗೀತನಾಟಕದಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಓದಲು ಹೋಗಬೇಕೆಂದು ಯಿಂಗ್‌ತಾಯ್ ಹಟ ಹಿಡಿಯುತ್ತಾಳೆ. ಅಪ್ಪ ಒಪ್ಪುವುದಿಲ್ಲ. ಅವಳು ಕಣಿ ಹೇಳುವವನ ವೇಷ ಹಾಕಿ ಅಪ್ಪನೆದುರೇ ಕೂರುತ್ತಾಳೆ. ಅಪ್ಪನಿಗೆ ಸ್ವಂತ ಮಗಳ ಗುರುತು ಸಿಗುವುದಿಲ್ಲ! ಮುಂದೆ ಗಂಡುವೇಷದಲ್ಲೇ ಸೇರಿದ ಪಾಠಶಾಲೆಯಲ್ಲಿ ಶಾನ್‌ಬೊ ಅವಳ ಕಿವಿಯ ತೂತು ನೋಡಿ ಕೇಳುತ್ತಾನೆ. ಊರ ಜಾತ್ರೆಯಲ್ಲಿ ಪ್ರತಿವರ್ಷ ಗ್ವಾನ್‌ಯಿನ್ ದೇವಿಯ ವೇಷ ಹಾಕುತ್ತಿದ್ದೆ, ಅದಕ್ಕೆ ಚುಚ್ಚಿಸಿದ್ದು ಎನ್ನುತ್ತಾಳೆ ಅವಳು. ಹಾಗಾದರೆ ಇನ್ನು ಮೇಲೆ ಗ್ವಾನ್‌ಯಿನ್ ಮುಖ ನೋಡಲು ನನಗೆ ಧೈರ್ಯ ಸಾಲದು ಎನ್ನುತ್ತಾನೆ ಪಾಪದ ಹುಡುಗ.

ಆಮೇಲೆ ಬರುವುದು ಚೀನಾದ ಜನ ಬಾಯಿಪಾಠ ಹೇಳುವ 18 ಲೀ ದಾರಿಯ ಬೀಳ್ಕೊಡುಗೆ (ಲೀ ಅಂದರೆ ಸುಮಾರು ಅರ್ಧ ಕಿಲೋಮೀಟರ್). ಮೂರು ವರ್ಷದ ಓದು ಮುಗಿಸಿ ಅವಳು ಊರಿಗೆ ಹೊರಟಿದ್ದಾಳೆ. ಅವನು ಕಳಿಸಿಕೊಡಲು ಜೊತೆಗೆ ನಡೆಯುತ್ತಾನೆ. ಕೊಳದಲ್ಲಿ ಜೋಡಿ ಬಾತುಕೋಳಿ ಕಂಡರೆ, ನಾನು ಹೆಣ್ಣಾಗಿದ್ದರೆ ನನ್ನ ಜೊತೆ ಹೀಗಿರುತ್ತಿದ್ದೆಯಾ ಎಂದು ಕೇಳುತ್ತಾಳೆ. ನೀನು ಹೆಣ್ಣಲ್ಲವಲ್ಲ ಎನ್ನುತ್ತಾನೆ. ಬಾವಿಗೆ ಬಗ್ಗಿ, ನೀರಿನಲ್ಲಿ ಒಂದು ಗಂಡು ಒಂದು ಹೆಣ್ಣು ನಗುತ್ತಿವೆ ನೋಡು ಎನ್ನುತ್ತಾಳೆ. ನಾನು ಗಂಡಸು, ನನ್ನನ್ನು ಹೆಣ್ಣು ಅಂತೀಯಲ್ಲ ಎಂದು ಅವನಿಗೇ ಕೋಪ. ಗುಡಿ ಸಿಕ್ಕಿದರೆ, ದೇವಿಯೇ ಮದುವೆ ಮಾಡಿಸುತ್ತಾಳೆ, ಬಾ ಅಡ್ಡ ಬೀಳೋಣ ಎಂದು ಕರೆಯುತ್ತಾಳೆ. ಇಬ್ಬರು ಗಂಡಸರಿಗೆ ಎಂಥಾ ಮದುವೆ ಎನ್ನುತ್ತಾನೆ. ಅಲ್ಲೇ ಮೇಯುತ್ತಿದ್ದ ದನವನ್ನು ತೋರಿಸಿ, ನೀನೂ ಅದರ ಹಾಗೇ ಎಂದು ಅವಳು ಬೈದೇ ಬಿಡುತ್ತಾಳೆ. ಇದನ್ನು ನೋಡಿ ನಗದವರು ಯಾರು? ಯುಯೆ ನಾಟಕದಲ್ಲಿ ಗಂಡು ಪಾತ್ರವನ್ನೂ ಹೆಂಗಸರೇ ಮಾಡುವ ಪದ್ಧತಿ ಇರುವುದರಿಂದ ಗಂಡಸು ಗಂಡಸು ಅಂತ ವಾದಿಸುತ್ತಿರುವ ಆ ಶಾನ್‌ಬೊ ಕೂಡ ಹೆಂಗಸೇ.

1953ರಲ್ಲಿ ಈ ನಾಟಕ ಬಣ್ಣದ ಚಿತ್ರವಾಯಿತು. 1954ರ ಜಿನೀವಾ ಸಮ್ಮೇಳನದಲ್ಲಿ ಚೀನಾದ ಪ್ರಧಾನಿ ಝೌ ಎನ್‌ಲಾಯ್ ಅದನ್ನು ಚೀನಾದ ರೋಮಿಯೋ ಜೂಲಿಯೆಟ್ ಎಂದು ಹೇಳಿಸಿ ಪರದೇಶದವರಿಗೆ ತೋರಿಸಿದರು. ಆ ದುರಂತದೊಳಗೂ ಈ 18 ಲೀ ದಾರಿ ಇತ್ತು. ಇದು ಇಲ್ಲದಿದ್ದರೆ ಆಮೇಲಿನ ಸಾವು ನಮ್ಮನ್ನು ಅಷ್ಟು ಕಾಡುವುದಿಲ್ಲ. ಹರಿಶ್ಚಂದ್ರ ನಾಟಕದಲ್ಲೂ ನಕ್ಷತ್ರಿಕ ಬಂದಾಗ ಜನ ನಕ್ಕವರೇ ಅಲ್ವಾ?

ಮೂಲಕ್ಕೆ ದ್ರೋಹವಾಯಿತು ಎಂದಿದ್ದೀರಿ. ಯಾವ ಮೂಲ? ಕಥೆ ನಡೆಯುವುದು ಪೂರ್ವ ಜಿನ್ ಅರಸರ ಕಾಲದಲ್ಲಿ, ಅಂದರೆ 317ರಿಂದ 420ರ ನಡುವೆ. ಅದಕ್ಕೂ ಆಮೇಲಿನ ತಾಂಗ್ ಅರಸರ ಕಾಲದ್ದೆಂದು ಹೇಳುವ ಚಿಕ್ಕ ಬರಹವೊಂದಿದೆ. ಅದರಲ್ಲಿ ಅವಳು ದೋಣಿಯಲ್ಲಿ ಮದುವೆಗೆ ಹೋಗುತ್ತಾಳೆ, ಗಾಳಿ ಎದ್ದು ದೋಣಿ ನಿಲ್ಲುತ್ತದೆ, ಅವನ ಸಮಾಧಿಯ ಹತ್ತಿರ ಅಳುತ್ತಾಳೆ, ನೆಲ ಬಿರಿಯುತ್ತದೆ. ಅಷ್ಟೇ. ಚಿಟ್ಟೆಗಳು ಅಲ್ಲಿಲ್ಲ! ಅವು ಆಮೇಲೆ ಬಂದು ಸೇರಿಕೊಂಡವು. ಇನ್ನು ಕೆಲವು ಲಾವಣಿಗಳಲ್ಲಿ ಕಥೆ ಸಮಾಧಿಯಾಚೆಗೂ ಹೋಗುತ್ತದೆ. ಅವಳನ್ನು ಮದುವೆಯಾಗಬೇಕಿದ್ದ ಮಾ ವೆನ್‌ತ್ಸಾಯ್ ಯಮನ ಹತ್ತಿರ ದೂರು ಕೊಡುತ್ತಾನೆ. ಬೌದ್ಧರ ಜೊತೆ ಅಲ್ಲಿಗೆ ಹೋಗಿ ಯಾನ್‌ಲುವೊ ಆದವನು ನಮ್ಮ ಯಮನೇ. ಅವನು ಲೆಕ್ಕದ ಪುಸ್ತಕ ತೆಗೆದು ನೋಡಿ, ಇವರ ಆಯುಸ್ಸು ಇನ್ನೂ ಮುಗಿದಿಲ್ಲ ಎಂದು ವಾಪಸ್ ಕಳಿಸುತ್ತಾನೆ. ಇಬ್ಬರೂ ಮದುವೆಯಾಗುತ್ತಾರೆ. ಸುಖವಾದ ಕೊನೆಯನ್ನು ಹಳ್ಳಿಯ ಹಾಡುಗಾರರು ಎಂದೋ ಹಾಡಿ ಆಗಿದೆ.

ಆದರೆ ನಿಮ್ಮ ಪತ್ರದ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ‘ಅಡ್ಡಿಯೇ ಇಲ್ಲದ ಮೇಲೆ ಪ್ರೀತಿಗೆ ಬೆಲೆ ಏನು?’ ಇದು ನ್ಯಾಯವಾದ ಮಾತು. ಹಳೆಯ ಕಥೆಯಲ್ಲಿ ಅಪ್ಪನ ಮಾತೇ ಕೊನೆ. ಹುಡುಗಿಗೆ ಸಮಾಧಿ ಬಿಟ್ಟು ಬೇರೆ ಬಾಗಿಲಿರಲಿಲ್ಲ. 1950ರ ಮೇ 1ರಂದು ಚೀನಾದಲ್ಲಿ ಮದುವೆಯ ಹೊಸ ಕಾನೂನು ಜಾರಿಗೆ ಬಂತು. ಬಲವಂತದ ಮದುವೆ ಕಾನೂನಿನಲ್ಲಿ ಇಲ್ಲವಾಯಿತು. ಹಾಗಾಗಿ ಇವತ್ತಿನ ಯಿಂಗ್‌ತಾಯ್ ಸಾಯುವುದು ನಂಬುವ ಹಾಗಿರುವುದಿಲ್ಲ. ಹಾಗಂತ ಅಡ್ಡಿ ಹೋಗಿದೆಯೇ? ಶಾಂಘೈನ ಪೀಪಲ್ಸ್ ಪಾರ್ಕ್‌ನಲ್ಲಿ ವಾರದ ಕೊನೆಗೆ ಅಪ್ಪ ಅಮ್ಮಂದಿರು ಬಿಚ್ಚಿದ ಛತ್ರಿಗಳನ್ನು ಸಾಲಾಗಿ ಇಟ್ಟು ಕೂರುತ್ತಾರೆ. ಪ್ರತಿ ಛತ್ರಿಯ ಮೇಲೂ ಒಂದು ಹಾಳೆ. ಮಗಳು ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ. ಎಷ್ಟೋ ಸಲ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.

ನಮ್ಮ ಕಥೆಯಲ್ಲಿ ಯಿಂಗ್‌ತಾಯ್ ಅಪ್ಪ ಬರೆದ ತನ್ನ ಹಾಳೆಯನ್ನು ತಾನೇ ಓದುವ ಜಾಗವಿದೆಯಲ್ಲ, ಅಲ್ಲಿ ನಗು ತಟ್ಟನೆ ನಿಲ್ಲುತ್ತದೆ. ಅಪ್ಪ ಕೆಟ್ಟವನಲ್ಲ. ಬಿಸಿಲಲ್ಲಿ ಕೂತು ಬೆವರಿದ್ದಾನೆ. ಅವಳ ವಯಸ್ಸು ಒಂದು ವರ್ಷ ಕಡಿಮೆ ಬರೆದಿದ್ದಾನೆ. ಈ ಒಂದು ಪುಟಕ್ಕಾಗಿಯೇ ನಾನು ಕಥೆಯನ್ನು ಆರಿಸಿದ್ದು. ಮದುವೆ ಗಂಡನ್ನು ಒಳ್ಳೆಯವನನ್ನಾಗಿ ಮಾಡಿದ್ದೂ ನಿಮಗೆ ಹಿಡಿಸಲಿಲ್ಲ. ನನಗೆ ಅದು ಸರಿ ಅನ್ನಿಸುತ್ತದೆ. ಕೆಟ್ಟವನಿಗೆ ಬೇಡ ಅನ್ನುವುದು ಸುಲಭ. ಸಭ್ಯನಿಗೆ ಮುಖ ಕೊಟ್ಟು ಬೇಡ ಅನ್ನಲು ಅವಳು ಪಡುವ ಸಂಕಟ ಇದೆಯಲ್ಲ, ಅದೇ ಈ ಕಾಲದ ಅಡ್ಡಿ.

ಒಂದು ನಷ್ಟವಂತೂ ಆಗಿದೆ. ಹಳೆಯ ಶಾನ್‌ಬೊ ತಡವಾಗಿ ಬರುತ್ತಾನೆ. ಅವನು ಬರುವಷ್ಟರಲ್ಲಿ ಅವಳ ಮದುವೆಯ ಮಾತು ಮುಗಿದು ಹೋಗಿರುತ್ತದೆ. ತಡವಾದರೆ ಎಲ್ಲವೂ ಹೋಯಿತು ಎಂಬ ಆ ಭಯ ಹೊಸ ಕಥೆಯಲ್ಲಿ ತೆಳುವಾಗಿದೆ. ಇಲ್ಲಿ ಅವನು ತಡವಾದರೂ ಒಂದು ಫೋನ್ ಮಾಡಿದರೆ ಸಾಕಾಗುತ್ತದೆ. ಇದನ್ನು ಕಥೆಗಾರ್ತಿಗೂ ಹೇಳಿದ್ದೇನೆ. ನಿಮ್ಮ ಪತ್ರವನ್ನೂ ಅವರಿಗೆ ಕಳಿಸಿದ್ದೇನೆ. ಪೂರ್ತಿ ಪತ್ರ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಒಂದು ಸಾಲೂ ಕತ್ತರಿಸುವುದಿಲ್ಲ.

ಇಂತಿ ನಿಮ್ಮ,
ಸಂಪಾದಕ