ಮಾಚಾ ಪುಡಿ: ಡಬ್ಬಿ ಮೇಲಿನ ಹೆಸರು ಬಿಡಿ, ಯಾವುದಕ್ಕೆ ಹಾಕುತ್ತೀರಿ ಹೇಳಿ

ಥಾಣೆಯ ಅಕ್ಕ, ನಿಮ್ಮ ಪ್ರಶ್ನೆ ನೋಡಿದೆ. ಮಗಳಿಗೆ ಮನೆಯಲ್ಲೇ ಮಾಚಾ ಲಾಟೆ ಬೇಕು, ಹುಟ್ಟುಹಬ್ಬಕ್ಕೆ ಅದೇ ಹಸಿರು ಕೇಕೂ ಬೇಕು. (ಮಾಚಾ ಅಂದರೆ ನೆರಳಲ್ಲಿ ಬೆಳೆಸಿದ ಚಹಾ ಎಲೆಯ ನುಣ್ಣನೆ ಹಸಿರು ಪುಡಿ, ಜಪಾನಿನಲ್ಲಿ ಹೆಸರಾದದ್ದು; ಅದನ್ನು ಹಾಲಿಗೆ ಬೆರೆಸಿದರೆ ಲಾಟೆ.) ಆನ್‌ಲೈನ್‌ನಲ್ಲಿ ಹುಡುಕಿದರೆ 300 ರೂಪಾಯಿಯದ್ದೂ ಇದೆ, 3,000ದ್ದೂ ಇದೆ. ಒಂದರ ಮೇಲೆ 'ಸೆರಿಮೋನಿಯಲ್' (ಚಹಾ ವಿಧಿಗೆ ಆಗುವಂಥದ್ದು ಅಂತ ಅರ್ಥ), ಇನ್ನೊಂದರ ಮೇಲೆ 'ಕ್ಯುಲಿನರಿ' (ಅಡುಗೆಗೆ). ಯಾವುದು ತರಲಿ ಅಂತ ಕೇಳಿದ್ದೀರಿ. ನನಗಿಂತ ಮೊದಲು ಉತ್ತರಿಸಿದ ಮೂರು ಜನ "ದುಬಾರಿಯದ್ದೇ ತಗೊಳ್ಳಿ" ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಕೆಲಸಕ್ಕೆ ನಡುವಿನ ದರ್ಜೆಯ ಒಂದೇ 50 ಗ್ರಾಂ ಪ್ಯಾಕೆಟ್ ಸಾಕು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಪುರುಸೊತ್ತಲ್ಲಿ ಓದಿ.

ನಮ್ಮ ಅಪ್ಪ ಮಾಟುಂಗಾದ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಕಾಫಿ ಬೆರೆಸಿದವರು. ಮನೆಗೆ ಯಾರಾದರೂ ದುಬಾರಿ ಪೀಬರಿ ಕಾಫಿಪುಡಿ ತಂದು, ಅದಕ್ಕೆ ಅರ್ಧಕ್ಕರ್ಧ ಚಿಕೋರಿ, ಗಟ್ಟಿ ಎಮ್ಮೆ ಹಾಲು, ಎರಡು ಚಮಚ ಸಕ್ಕರೆ ಹಾಕಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಪೀಬರಿ ಎಲ್ಲಿ ಹೋಯಿತು ಅಂತ ಈಗ ಟಾರ್ಚ್ ಹಾಕಿ ಹುಡುಕು" ಅನ್ನುತ್ತಿದ್ದರು. ಮಾಚಾದ ಕಥೆಯೂ ಅದೇ.

ಮೊದಲು ಈ ಹೆಸರುಗಳ ವಿಷಯ. 'ಸೆರಿಮೋನಿಯಲ್' ಅನ್ನುವುದಕ್ಕೆ ಜಪಾನಿನಲ್ಲಿ ಸರಕಾರದ ಅಳತೆಗೋಲು ಯಾವುದೂ ಇಲ್ಲ. ಅದು ಹೊರದೇಶದ ಮಾರಾಟಕ್ಕೆ ಹುಟ್ಟಿಕೊಂಡ ಮಾತು. ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಹಾಕಿಸುತ್ತಾರೆ ಕೂಡ. ಅಲ್ಲಿನ ಹಳೆಯ ಅಂಗಡಿಗಳು ಬೇರೆ ಥರ ವಿಂಗಡಿಸುತ್ತವೆ: ಕೊಯಿಚಾ ಅಂದರೆ ಮಂದವಾಗಿ ಕಲಸಿ ಕುಡಿಯುವುದಕ್ಕೆ ಆಗುವ ಪುಡಿ, ಉಸುಚಾ ಅಂದರೆ ತೆಳ್ಳಗೆ ನೊರೆ ಬರಿಸಿ ಕುಡಿಯುವುದಕ್ಕೆ. ಮಂದವಾಗಿ ಕುಡಿದಾಗ ಕಹಿ ಇದ್ದರೆ ಬಾಯಿಗೆ ಇಡಲಿಕ್ಕಾಗುವುದಿಲ್ಲ. ಹಾಗಾಗಿ ಕೊಯಿಚಾದ ಪುಡಿಯೇ ಮೇಲಿನದು. ನೋಡಿ, ಅವರೂ ಯಾವುದಕ್ಕೆ ಬಳಸುತ್ತೀರಿ ಅಂತಲೇ ಕೇಳುವುದು.

ಬೆಲೆ ಯಾಕೆ ಇಷ್ಟು ಏರುಪೇರು ಅಂದರೆ, ಎಲೆ ಬೆಳೆಸುವ ರೀತಿಯಿಂದ. ಕೊಯ್ಲಿಗೆ ಮೂರು ನಾಲ್ಕು ವಾರ ಮೊದಲು ತೋಟಕ್ಕೆ ನೆರಳು ಕಟ್ಟುತ್ತಾರೆ. ಅಡಿಕೆ ಮರದ ನೆರಳಲ್ಲಿ ಹಬ್ಬಿದ ವೀಳ್ಯದೆಲೆ ಮೆತ್ತಗಿರುತ್ತದಲ್ವಾ, ಹಾಗೆ ಅಂದುಕೊಳ್ಳಿ. ಬಿಸಿಲು ಕಡಿಮೆಯಾದರೆ ಎಲೆಯಲ್ಲಿ ಹಸಿರು ಜಾಸ್ತಿಯಾಗುತ್ತದೆ, ಥಿಯನಿನ್ ಅನ್ನುವ ಸಿಹಿ-ರುಚಿಯ ಅಂಶ ಉಳಿಯುತ್ತದೆ, ಕಹಿ-ಒಗರು ಕೊಡುವ ಅಂಶ ಕಡಿಮೆಯಾಗುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಮೊದಲ ಕೊಯ್ಲು. ಎಲೆಯನ್ನು ಹಬೆಯಲ್ಲಿ ಬಾಡಿಸಿ, ಹೊಸಕದೆ ಒಣಗಿಸಿ, ದಂಟು-ನರ ಎಲ್ಲ ತೆಗೆಯುತ್ತಾರೆ. ಹೀಗೆ ಉಳಿದ ಎಲೆಗೆ ತೆಂಚಾ ಅಂತ ಹೆಸರು. ಅದನ್ನು ಗ್ರಾನೈಟ್ ಬೀಸುಕಲ್ಲಿನಲ್ಲಿ ಬೀಸುತ್ತಾರೆ. ಒಂದು ಕಲ್ಲಿಗೆ ಗಂಟೆಗೆ ಸುಮಾರು 40 ಗ್ರಾಂ ಬಂದರೆ ಹೆಚ್ಚು. ಜೋರಾಗಿ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪರಿಮಳ ಹೋಗುತ್ತದೆ. 30 ಗ್ರಾಮಿನ ಡಬ್ಬಿ ಅಂದರೆ ಒಂದು ಕಲ್ಲಿನ ಮುಕ್ಕಾಲು ಗಂಟೆಯ ಕೆಲಸ. ಎರಡನೇ ಕೊಯ್ಲು, ಅದರ ನಂತರದ ಕೊಯ್ಲಿನ ಎಲೆ ಒರಟು, ಕಹಿ ಜಾಸ್ತಿ, ಬೆಲೆ ಕಡಿಮೆ. ಅದನ್ನು ಹೆಚ್ಚಾಗಿ ಯಂತ್ರದಲ್ಲಿ ಪುಡಿ ಮಾಡುತ್ತಾರೆ. ಅದು ಕೆಟ್ಟದ್ದಲ್ಲ, ಅದರ ಜಾಗ ಬೇರೆ ಅಷ್ಟೇ.

ನೀರಿನಲ್ಲಿ ಬರೀ ಮಾಚಾ ಕುಡಿಯುವವರು ಮೊದಲ ಕೊಯ್ಲಿನ, ಕಲ್ಲಲ್ಲಿ ಬೀಸಿದ ಪುಡಿಗೆ ದುಡ್ಡು ಕೊಡಲಿ. ನಾನು ಬೆಳಿಗ್ಗೆ ಹಾಗೇ ಕುಡಿಯುತ್ತೇನೆ. 30 ಗ್ರಾಮಿಗೆ 1,500 ರೂಪಾಯಿ ಹತ್ತಿರ ಬೀಳುತ್ತದೆ. ಒಂದು ಸಲಕ್ಕೆ 2 ಗ್ರಾಂ, ಅಂದರೆ 15 ಬಟ್ಟಲು, ಬಟ್ಟಲಿಗೆ 100 ರೂಪಾಯಿ. ಹೆಂಡತಿ ಲೆಕ್ಕ ಕೇಳದಿರಲಿ ಅಂತ ಡಬ್ಬಿಯ ಬೆಲೆ ಚೀಟಿ ಕಿತ್ತು ಎಸೆಯುತ್ತೇನೆ.

ಹಾಲು ಬಂತು ಅಂದರೆ ಲೆಕ್ಕ ತಿರುಗಿತು. ಮೇಲ್ದರ್ಜೆಯ ಪುಡಿಯ ನಯವಾದ ರುಚಿಯನ್ನು ಹಾಲು ನುಂಗಿಬಿಡುತ್ತದೆ. ನಮ್ಮ ಡೊಂಬಿವಲಿ ಡೇರಿಯ ಎಮ್ಮೆ ಹಾಲಂತೂ ಹೇಳುವುದೇ ಬೇಡ. ಲಾಟೆಗೆ ಸ್ವಲ್ಪ ಕಹಿ ಇರುವ, ಗಟ್ಟಿ ರುಚಿಯ ಪುಡಿಯೇ ಬೇಕು. ಆಕಳ ಹಾಲೋ ಟೋನ್ಡ್ ಹಾಲೋ ಬಳಸಿ, 3 ಗ್ರಾಂ ಹಾಕಿ, ಸಕ್ಕರೆ ಕೊನೆಗೆ ರುಚಿ ನೋಡಿ ಹಾಕಿ. ಕೇಕಿಗೆ ಇನ್ನೂ ಒಂದು ಮೆಟ್ಟಿಲು ಇಳಿದರೂ ನಡೆಯುತ್ತದೆ. ಒಲೆಯ ಬಿಸಿಗೆ ಬಣ್ಣ ಮಂಕಾಗುತ್ತದೆ, ಪರಿಮಳ ಹಾರುತ್ತದೆ. 200 ಗ್ರಾಂ ಮೈದಾಕ್ಕೆ 12ರಿಂದ 15 ಗ್ರಾಂ ಬೇಕು. ಆ ಜಾಗಕ್ಕೆ 100 ರೂಪಾಯಿಯ ಬಟ್ಟಲಿನ ಪುಡಿ ಸುರಿಯುವುದು ಅನ್ಯಾಯ. ನಿಂಬೆರಸ, ಮೊಸರು ಇರುವ ಕೇಕ್ ಬೇಡ, ಹುಳಿಗೆ ಹಸಿರು ಬಣ್ಣ ಪಾಚಿಯ ಹಾಗೆ ಕಂದುತ್ತದೆ.

ಒಲೆ ಹಚ್ಚದ ಸಿಹಿಯಲ್ಲಿ ಮಾಚಾ ಚೆನ್ನಾಗಿ ಕೂರುತ್ತದೆ. ಕಳೆದ ಗುಡಿ ಪಾಡ್ವಾಕ್ಕೆ ಚಕ್ಕಾ (ನೀರು ಬಸಿದ ಗಟ್ಟಿ ಮೊಸರು) ತಂದು ಶ್ರೀಖಂಡ ಮಾಡಿ ಅರ್ಧಕ್ಕೆ ಕೇಸರಿ, ಅರ್ಧಕ್ಕೆ ಮಾಚಾ ಹಾಕಿದೆ. ಪಕ್ಕದ ಮನೆಯ ಕಾಕು ಮೊದಲು ಮೂಗು ಮುರಿದರು, ಆಮೇಲೆ ಡಬ್ಬಿ ಕೇಳಿದರು. ಅದರಲ್ಲೂ ಹುಳಿ ಇದೆ, ಹಾಗಾಗಿ ಬಡಿಸುವ ಹೊತ್ತಿಗೆ ಕಲಸಬೇಕು. ಮರುದಿನಕ್ಕೆ ಇಟ್ಟರೆ ಬಣ್ಣ ಇಳಿಯುತ್ತದೆ. ಕೊಬ್ಬರಿ ಬರ್ಫಿಗಾದರೆ ಒಲೆಯಿಂದ ಇಳಿಸಿ, ಕೈ ಬಿಸಿಗೆ ಬಂದ ಮೇಲೆ ಪುಡಿ ಸೇರಿಸಿ.

ಈಗ ಕೊಳ್ಳುವಾಗ ಮೋಸ ಹೋಗದ ಹಾಗೆ. ನಾನು ಮೊದಲ ಸಲ ಮೋಸ ಹೋದದ್ದು ಕ್ರಾಫರ್ಡ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ. ಬಿಡಿಯಾಗಿ ತೂಗಿ ಕೊಟ್ಟ 'ಮಾಚಾ', 100 ಗ್ರಾಮಿಗೆ 250 ರೂಪಾಯಿ. ಮನೆಗೆ ತಂದು ನೋಡಿದರೆ ಮಾಮೂಲಿ ಗ್ರೀನ್ ಟೀ ಎಲೆಯನ್ನು ಪುಡಿ ಮಾಡಿದ್ದು. ನೀರಿಗೆ ಹಾಕಿದರೆ ತಳದಲ್ಲಿ ಮರಳಿನ ಹಾಗೆ ಕೂತಿತು. ಹೆಸರು 'ಗ್ರೀನ್ ಟೀ ಪೌಡರ್' ಅಂತಷ್ಟೇ ಇದ್ದರೆ ಅನುಮಾನ ಪಡಿ. ಇನ್ನು ಕೆಲವದರಲ್ಲಿ ಪದಾರ್ಥಗಳ ಪಟ್ಟಿ ಓದಿದರೆ ಮೊದಲು ಸಕ್ಕರೆ, ಆಮೇಲೆ ಹಾಲಿನ ಪುಡಿ, ಕೊನೆಗೆ ಮಾಚಾ. ಅದು ಪ್ರೀಮಿಕ್ಸ್, ಅಂದರೆ ಮೊದಲೇ ಬೆರೆಸಿಟ್ಟದ್ದು. ಪಟ್ಟಿಯಲ್ಲಿ ಒಂದೇ ಪದಾರ್ಥ ಇರಬೇಕು. ಯಾವ ಊರಿನದು ಅಂತ ಬರೆದಿರಬೇಕು: ಜಪಾನಿನ ಕ್ಯೋಟೊ ಬಳಿಯ ಉಜಿ, ಐಚಿಯ ನಿಶಿಯೊ, ಫುಕುಒಕಾದ ಯಾಮೆ, ಕಗೋಶಿಮಾ, ಹೀಗೆ. ಚೀನಾದಲ್ಲೂ ತುಂಬಾ ಬೆಳೆಯುತ್ತಾರೆ, ಕೇಕಿಗೆ ಅದೂ ಪರವಾಗಿಲ್ಲ. ತಯಾರಿಸಿದ ದಿನಾಂಕ, ಆಮದು ಮಾಡಿದವರ ವಿಳಾಸ, ಎಫ್‌ಎಸ್‌ಎಸ್‌ಎಐನ (ನಮ್ಮ ಸರಕಾರದ ಆಹಾರ ಸುರಕ್ಷತಾ ಸಂಸ್ಥೆ) 14 ಅಂಕಿಯ ನಂಬರು ನೋಡಿ. 2024ರಲ್ಲಿ ಬೇಡಿಕೆ ಎಷ್ಟು ಏರಿತು ಅಂದರೆ ಕ್ಯೋಟೊದ ಹಳೆಯ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಅಂತ ಮಿತಿ ಹಾಕಿದವು. ಹಾಗಿರುವಾಗ '100 ಗ್ರಾಂ ಉಜಿ ಸೆರಿಮೋನಿಯಲ್, 400 ರೂಪಾಯಿ' ಅಂದರೆ ನಂಬುವುದು ಹೇಗೆ?

ಪ್ಯಾಕೆಟ್ ಒಡೆದ ಮೇಲೆ ಒಂದು ಚಿಟಿಕೆ ಬಿಳಿ ಕಾಗದದ ಮೇಲೆ ಹಾಕಿ ಬೆರಳಿನಿಂದ ಎಳೆಯಿರಿ. ಒಳ್ಳೆಯದು ಟಾಲ್ಕಂ ಪೌಡರಿನ ಹಾಗೆ ನುಣ್ಣಗೆ, ಉದ್ದಕ್ಕೆ ಹರಡುತ್ತದೆ. ಬಣ್ಣ ಎಳೆ ಗರಿಕೆಯಂತೆ ಇರಬೇಕು. ಹಳದಿ, ಕಂದು ತಿರುಗಿದ್ದರೆ ಎಲೆ ಬಲಿತದ್ದು ಇಲ್ಲವೇ ಪುಡಿ ಹಳತು. ಮೂಸಿದರೆ ಆಗ ಕೊಯ್ದ ಹುಲ್ಲಿನ ವಾಸನೆ, ಜೊತೆಗೆ ತುಸು ಕಡಲ ವಾಸನೆ ಬರಬೇಕು. ಬೈಹುಲ್ಲಿನ ವಾಸನೆ ಬಂದರೆ ಕೇಕಿಗೆ ಹಾಕಿ ಮುಗಿಸಿ.

ಮಳೆಗಾಲದ ಮಾತು ಹೇಳಲೇಬೇಕು. ಜೂನ್ ಬಂತೆಂದರೆ ನಮ್ಮ ಕಡೆ ಉಪ್ಪೇ ನೀರಾಗುತ್ತದೆ, ಇನ್ನು ಇದು ಬಿಡುತ್ತದಾ? ಡಬ್ಬಿಯನ್ನು ಗಾಳಿ ಆಡದ ಹಾಗೆ ಮುಚ್ಚಿ ಫ್ರಿಜ್‌ನಲ್ಲಿಡಿ. ತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ, ಒಳಗೆ ಬೆವರುತ್ತದೆ. ಅರ್ಧ ಗಂಟೆ ಹೊರಗಿಟ್ಟು ತೆರೆಯಿರಿ. ಮಾಚಾ ಪಕ್ಕದವರ ವಾಸನೆ ಹೀರುವುದರಲ್ಲಿ ನಿಸ್ಸೀಮ. ನನ್ನದೊಂದು ಡಬ್ಬಿ ಸರಿಯಾಗಿ ಮುಚ್ಚದೆ ಶುಂಠಿ-ಬೆಳ್ಳುಳ್ಳಿ ಪೇಸ್ಟಿನ ಪಕ್ಕ ಎರಡು ದಿನ ಕೂತಿತ್ತು. ಆಮೇಲಿನ ಲಾಟೆಯ ಕಥೆ ಕೇಳಬೇಡಿ. ಒಡೆದ ಮೇಲೆ ಒಂದೂವರೆ ಎರಡು ತಿಂಗಳಲ್ಲಿ ಮುಗಿಸಿ. ಅದಕ್ಕೇ 50 ಗ್ರಾಂ ಅಂದದ್ದು: 15 ಗ್ರಾಂ ಕೇಕಿಗೆ, ಉಳಿದದ್ದರಲ್ಲಿ ಹನ್ನೊಂದು ಲಾಟೆ.

ಮಾಡುವಾಗ ಟೀ ಸೋಸುವ ನುಣ್ಣನೆ ಜರಡಿಯಲ್ಲಿ ಪುಡಿ ಸಾಣಿಸಿ, ಇಲ್ಲದಿದ್ದರೆ ಗಂಟು ಖಂಡಿತ. ನೀರು ಕುದಿಯುತ್ತಿರಬಾರದು, 70-80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಡ. ಕುದ್ದ ನೀರನ್ನು ಲೋಟದಿಂದ ಲೋಟಕ್ಕೆ ಎರಡು ಮೂರು ಸಲ ಬಗ್ಗಿಸಿದರೆ ಆಯಿತು. ಚಾಸೆನ್, ಅಂದರೆ ನೊರೆ ಬರಿಸುವ ಬಿದಿರಿನ ಕಡಗೋಲು, ಇದ್ದರೆ ಒಳ್ಳೆಯದು. ನಾನು ಮನೆಯ ಚಿಕ್ಕ ಮಜ್ಜಿಗೆ ಕಡಗೋಲಿನಲ್ಲಿ ಪ್ರಯತ್ನಿಸಿ ಅಂಗಿ ಹಸಿರು ಮಾಡಿಕೊಂಡಿದ್ದೇನೆ. ಕಾಫಿಗೆ ನೊರೆ ಬರಿಸುವ ಬ್ಯಾಟರಿಯ ಫ್ರಾದರ್ ಸಾಕು.

ಇನ್ನೊಂದು, ಇಲ್ಲಿ ಎಲೆಯನ್ನೇ ನುಂಗುತ್ತೇವೆ, ಹಾಗಾಗಿ ಕೆಫೀನ್ ಕಡಿಮೆ ಇಲ್ಲ. 2 ಗ್ರಾಮಿನಲ್ಲಿ ಹೆಚ್ಚು ಕಡಿಮೆ 40ರಿಂದ 90 ಮಿಲಿಗ್ರಾಂ. ಮಗಳಿಗೆ ಸಂಜೆ ಆರರ ಮೇಲೆ ಬೇಡ. ರಕ್ತ ಕಡಿಮೆ ಅಂತ ಐರನ್ ಮಾತ್ರೆ ತಗೊಳ್ಳುವವರಿದ್ದರೆ ಊಟದ ಜೊತೆ ಬೇಡ.

ಭಾನುವಾರ ಥಾಣೆಗೆ ಬರುವುದಿದೆ. ನನ್ನ ಹತ್ತಿರ ಎರಡು ದರ್ಜೆಯದ್ದೂ ಇದೆ, ಐದೈದು ಗ್ರಾಂ ಕಟ್ಟಿ ತರುತ್ತೇನೆ. ಯಾವುದು ಯಾವುದು ಅಂತ ಮಗಳಿಗೆ ಹೇಳದೆ ಎರಡು ಲಾಟೆ ಮಾಡಿ ಕೊಡಿ. ಅವಳು ಯಾವುದನ್ನು ಮುಗಿಸುತ್ತಾಳೋ ಅದನ್ನೇ ಆರ್ಡರ್ ಮಾಡಿ.