ಗಂಡಭೇರುಂಡ, ಶರಭ, ಮಕರ: ಜನಪ್ರಿಯ ಹಾಡು ಬರೆಯೋಕೆ ಯಾವ ಪ್ರಾಣಿಗೆ ಪವರ್ ಜಾಸ್ತಿ?

ನಿಮ್ಮ ಪ್ರಶ್ನೆ ನೋಡಿ ಎದೆ ಧಸಕ್ ಅಂತು. 6 ವರ್ಷದ ಹಿಂದೆ ನಾನೂ ಇದೇ ಮೂರು ಹೆಸರು ಹಿಡಿದು ಕೂತಿದ್ದೆ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಗಣಪತಿಗೆ ಒಂದು ಹೊಸ ಹಾಡು ಬೇಕಿತ್ತು. ಗಂಡಭೇರುಂಡ ಆರಿಸಿದೆ. ಎರಡು ತಲೆ, ಕೊಕ್ಕಿನಲ್ಲೂ ಉಗುರಿನಲ್ಲೂ ಆನೆ, ನಮ್ಮ ಸರ್ಕಾರದ ಲಾಂಛನದಲ್ಲೂ ಅದೇ ಹಕ್ಕಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ ಹೋಗಿ 1047ರ ಗಂಡಭೇರುಂಡ ಕಂಬವನ್ನೂ ನೋಡಿ ಬಂದೆ. ಅದರ ತುದಿಯಲ್ಲಿ ನಿಂತಿರೋದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಇದಕ್ಕಿಂತ ಗತ್ತು ಇನ್ನೆಲ್ಲಿ ಅಂದುಕೊಂಡೆ.

ಎಡವಿದ್ದು ಪಲ್ಲವಿಯಲ್ಲಿ. ಇದನ್ನ ಬಿಡಿಸಿಯೇ ಹೇಳ್ತೀನಿ, ಇನ್ನೊಬ್ಬರಿಗೆ ಹೀಗಾಗಬಾರದು. ‘ಗಂಡಭೇರುಂಡ’ ಅನ್ನೋ ಮಾತಿಗೆ 8 ಮಾತ್ರೆ. ಗಂ ಎರಡು, ಡ ಒಂದು, ಭೇ ಎರಡು, ರುಂ ಎರಡು, ಡ ಒಂದು. ನಮ್ಮ ತಾಳ ಕೆಹರವಾ, ಅದೂ 8 ಮಾತ್ರೆ. ಕಾಗದದ ಮೇಲೆ ಲೆಕ್ಕ ಸರಿ ಬಂತು, ಭಾಳ ಖುಷಿಯಾಯ್ತು. ಆದರೆ ಕೆಹರವಾ ನಡೆಯೋದು ನಾಲ್ಕು ನಾಲ್ಕಾಗಿ. ಈ ಪದ ಒಡೆಯೋದು ಮೂರು ಐದಾಗಿ: ಗಂಡ, ಭೇರುಂಡ. ಎರಡನೇ ಪೆಟ್ಟು ಸರಿಯಾಗಿ ‘ಭೇ’ ನಡುವೆಯೇ ಬೀಳುತ್ತೆ. ಹಾಡೋ ಹುಡುಗರಾದರೂ ಏನು ಮಾಡಬೇಕು? ‘ಭೇ’ಯನ್ನ ಮೊಟಕು ಮಾಡಿ ‘ಗಂಡಬೆ’ ಅಂತ ನುಂಗಿದರು, ಪೆಟ್ಟಿನ ಮೇಲೆ ಜೋರಾಗಿ ‘ರುಂಡ’ ಅಂದರು. ಹಲಗಿ, ಡೊಳ್ಳಿನ ಸದ್ದಿನಲ್ಲಿ ‘ಬೆ’ ಮುಳುಗಿಹೋಯ್ತು. ಉಳಿದದ್ದು ಗಂಡ, ರುಂಡ.

ಹಳಗನ್ನಡದಲ್ಲಿ ಗಂಡ ಅಂದ್ರೆ ಶೂರ ಅಂತ ನನಗೆ ಗೊತ್ತಿತ್ತು. ಪೆಂಡಾಲ್ ಮುಂದೆ ನಿಂತವರಿಗೆ ಗಂಡ ಅಂದ್ರೆ ಗಂಡನೇ, ರುಂಡ ಅಂದ್ರೆ ಕಡಿದ ತಲೆ. ಪಕ್ಕದ ಮನೆ ಅಜ್ಜಿ ನನ್ನನ್ನ ಕರೆದು, “ತಮ್ಮಾ, ಹಬ್ಬದಾಗ ಗಂಡನ ರುಂಡ ಅಂತ ಯಾಕ ಒದರಸ್ತೀರೋ? ಕೇಳಾಕ ಆಗವಲ್ದು” ಅಂದರು. ಅವರ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ತಲೆ ಎತ್ತೋಕಾಗಲಿಲ್ಲ. ಮರುದಿನವೇ ಹಾಡು ನಿಂತಿತು. ಸ್ಟುಡಿಯೋಗೆ ಕೊಟ್ಟ 12,000 ರೂಪಾಯಿ ಹೋಯ್ತು. ಮುಂದಿನ ವರ್ಷ ಯಾರೂ ನನ್ನ ಹತ್ತಿರ ಹಾಡು ಕೇಳಲಿಲ್ಲ.

ಬರೆದ ದಿನವೇ ಒಂದು ಸಲ ಚಪ್ಪಾಳೆ ತಟ್ಟಿಕೊಂಡು ಹಾಡಿ ನೋಡಿದ್ದರೆ ಸಾಕಿತ್ತು. ‘ಗಂಡಾ’ ಅಂತ ಎಳೆದು ನಾಲ್ಕು ಮಾತ್ರೆ ಮಾಡಿದ್ರೆ ಮುಂದಿನ ಪೆಟ್ಟು ‘ಭೇ’ ಮೇಲೆ ಕೂರುತ್ತೆ. ‘ಭೇರುಂ’ ನಾಲ್ಕು, ಕೊನೆಯ ‘ಡಾ’ ಎಷ್ಟು ಬೇಕಾದರೂ ಎಳೀಬಹುದು. ಭೇರುಂಡ ಒಡೆಯೋದೇ ಇಲ್ಲ.

ಅದಕ್ಕೇ ಯಾವುದಕ್ಕೆ ಪವರ್ ಜಾಸ್ತಿ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹೆಸರು ಬಾಯಿಗೆ ಹತ್ತಬೇಕು, ಕಥೆ ಒಂದೇ ಸಾಲಿನಲ್ಲಿ ಹೇಳೋಕೆ ಬರಬೇಕು. ಸಿಂಹ, ಹಕ್ಕಿ ಎರಡೂ ಬೆರೆತ ಶರಭನನ್ನ ಬಿಟ್ಟುಬಿಡಿ. ಉಗ್ರ ನರಸಿಂಹನನ್ನ ಶಾಂತ ಮಾಡೋಕೆ ಶಿವ ಆ ರೂಪ ತಾಳಿದ್ದನ್ನ ಬಿಡಿಸಿ ಹೇಳೋಷ್ಟರಲ್ಲಿ ಹಾಡೇ ಮುಗಿದಿರುತ್ತೆ.

ಮಕರ ಹಿಡೀರಿ. ಮೂರೇ ಮಾತ್ರೆ, ಮೂರು ಮೂರಾಗಿ ನಡೆಯೋ ದಾದರಾ ತಾಳಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ಭಾನುವಾರ ಗದಗಿನ ಹತ್ತಿರ ಲಕ್ಕುಂಡಿಗೆ ಹೋಗಿ ಗುಡಿಯ ಕಲ್ಲಿನಲ್ಲಿ ಅದನ್ನ ನೋಡಿ. ಮೊಸಳೆ ಬಾಯಿ, ಆನೆ ಸೊಂಡಿಲು, ಹಿಂದೆ ಬಳ್ಳಿಯ ಹಾಗೆ ಸುರುಳಿ ಸುತ್ತಿದ ಬಾಲ. ಮನ್ಮಥನ ಬಾವುಟದ ಮೇಲಿರೋದು ಇದೇ ಮಕರ, ಅವನಿಗೆ ಮಕರಧ್ವಜ ಅಂತ ಹೆಸರು ಬಂದದ್ದೂ ಅದರಿಂದಲೇ. ನಮ್ಮ ಕಡೆ ಹೋಳಿಗೆ ಓಣಿ ಓಣಿಯಲ್ಲಿ ಕಾಮಣ್ಣನನ್ನ ಕೂರಿಸ್ತೀವಿ, ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರ್ತೀವಿ. ಆ ಕಾಮನ ಬಾವುಟದ ಪ್ರಾಣಿ ಮೇಲೆ ನಮ್ಮ ಓಣಿಯಲ್ಲಿ ನಾನು ಒಂದು ಹಾಡೂ ಕೇಳಿಲ್ಲ. ಕಾಮ ಸುಟ್ಟು ಬೂದಿಯಾದ ಮೇಲೆ ಅವನ ಮಕರ ಎಲ್ಲಿಗೆ ಹೋಯ್ತು? ನಾನಾದ್ರೆ ಅಲ್ಲಿಂದ ಶುರು ಮಾಡ್ತೀನಿ.

ಸ್ಟುಡಿಯೋಗೆ ದುಡ್ಡು ಕಟ್ಟೋ ಮೊದಲು ಹಲಗಿ ಬಾರಿಸ್ತಾ ಪಲ್ಲವಿ ಹಾಡಿಸಿ. ನಿಮ್ಮ ಓಣಿಯ ಒಬ್ಬ ಅಜ್ಜಿಯನ್ನ ಕರೆದು ಏನು ಕೇಳಿಸ್ತು ಅಂತ ಕೇಳಿ.